ಅಕ್ಕೋರ ಗಂಡ

ನನ್ನ ಆಯಿ ಶಾಲೆ ಕಲಿಸಲು ಹೊರಟಾಗ ನನಗೆ ಎಂಟು ವರ್ಷ. ನಮ್ಮ ಕಡೆ ಕನ್ನಡ ಶಾಲೆಯಲ್ಲಿ ಕಲಿಸುವ ಗಂಡಸರಿಗೆ ಮಾಸ್ತರ್ರು ಎನ್ನುತ್ತಿದ್ದರು, ಹೆಂಗಸರಿಗೆ ಅಕ್ಕೋರು. ಮಾಸ್ತರ್ರ ಹೆಂಡತಿ ಒಂದಕ್ಷರ ಓದದಿದ್ದರೂ ಊರವರು ಅವಳನ್ನೂ ಮರ್ಯಾದೆಗೆ ಅಕ್ಕೋರೆಂದೇ ಕರೆಯುತ್ತಿದ್ದರು. ಅಕ್ಕೋರ ಗಂಡನನ್ನು ಏನೆಂದು ಕರೆಯಬೇಕು ಎನ್ನುವ ಪ್ರಶ್ನೆ ಮಾತ್ರ ಅಲ್ಲಿಯವರೆಗೆ ಯಾರಿಗೂ ಬಂದಿರಲಿಲ್ಲ. ಆ ಪ್ರಶ್ನೆಯನ್ನು ನನ್ನ ಅಪ್ಪ ಕೆಲವು ವರ್ಷ ಹೆಗಲ ಮೇಲೆ ಹೊತ್ತು ತಿರುಗಿದ.

ನಾವು ಕುಮಟೆಯ ಹತ್ತಿರದ ಹೊಳನಗದ್ದೆಯವರು. ಅಜ್ಜಿಯ ಹೆಸರಿನಲ್ಲಿ ಸ್ವಲ್ಪ ಗದ್ದೆಯಿತ್ತು, ಭತ್ತ ಕೊಯ್ದ ಮೇಲೆ ಅದರಲ್ಲೇ ಈರುಳ್ಳಿ, ಹರಿವೆ, ಬದನೆ ಬೆಳೆಯುತ್ತಿದ್ದೆವು. ಅಪ್ಪ ಕುಮಟೆಯ ಬಂದರಿನ ಹತ್ತಿರ ಒಂದು ವಖಾರಿಯಲ್ಲಿ ಗುಮಾಸ್ತನಾಗಿದ್ದ. ಹಡಗು, ದೋಣಿಗಳಲ್ಲಿ ಬರುತ್ತಿದ್ದ ಸರಕು ಲಾರಿಗಳಲ್ಲಿ ಬರತೊಡಗಿದ ಮೇಲೆ ಬಂದರು ಸಪ್ಪೆಯಾಯಿತು. ವಖಾರಿಯ ಯಜಮಾನರು ಒಂದು ದಿನ ಬಾಗಿಲಿಗೆ ಬೀಗ ಹಾಕಿದರು. ಅಪ್ಪ ತನ್ನ ಕೋಟು, ಕೊಡೆ ತೆಗೆದುಕೊಂಡು ಮನೆಗೆ ಬಂದು ಕುಳಿತ. ಗದ್ದೆ ಕೆಲಸ ಅವನಿಗೆ ಒಗ್ಗಲಿಲ್ಲ. ಅವನು ನೇಗಿಲು ಹಿಡಿದರೆ ಎತ್ತುಗಳೇ ನಿಂತು, ಇವ ಯಾರು ಎಂಬಂತೆ ಹಿಂದಿರುಗಿ ನೋಡುತ್ತಿದ್ದವು.

ಆಯಿ ಮದುವೆಗೆ ಮೊದಲು ತವರಿನಲ್ಲಿ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದಳು. ಏಳನೆಯ ಇಯತ್ತೆಯ ಆ ಪರೀಕ್ಷೆ ಆದವರು ಆಗ ಶಾಲೆ ಕಲಿಸಲು ಅರ್ಜಿ ಹಾಕಬಹುದಿತ್ತು. ಮದುವೆಯಾದ ಮೇಲೆ ಆ ಓದು ಉಪಯೋಗಕ್ಕೆ ಬಂದದ್ದು ಬೆಲ್ಲ ಕಟ್ಟಿಕೊಟ್ಟ ಪೇಪರಿನ ಚೂರುಗಳನ್ನು ಒಲೆಗೆ ಹಾಕುವ ಮೊದಲು ಓದುವುದಕ್ಕೆ ಮಾತ್ರ. ಅರ್ಜಿ ಹಾಕುವ ಮಾತು ತೆಗೆದವನು ಅಪ್ಪನೇ. ತನ್ನ ದುಂಡಗಿನ ಗುಮಾಸ್ತ ಅಕ್ಷರದಲ್ಲಿ ಅದನ್ನು ಬರೆದುಕೊಟ್ಟವನೂ ಅವನೇ. ಕೆಲವು ತಿಂಗಳ ನಂತರ ಭಟ್ಕಳ ತಾಲೂಕಿನ ತೆಂಗಿನಗುಂಡಿಯ ಶಾಲೆಗೆ ಬಂದು ಸೇರಿಕೊಳ್ಳಬೇಕೆಂದು ಆಯಿಗೆ ಹುಕುಂ ಬಂತು.

ಸೊಸೆ ದುಡಿಯಲು ಹೋಗುವುದು ಅಜ್ಜಿಗೆ ದೊಡ್ಡ ವಿಷಯವೇ ಆಗಿರಲಿಲ್ಲ. ಅವಳು ಹುಟ್ಟಿದಾಗಿನಿಂದ ದುಡಿದವಳೇ. ನೆಟ್ಟಿ, ಕಳೆ, ಕೊಯ್ಲು ಎಲ್ಲಕ್ಕೂ ಸೊಂಟ ಬಗ್ಗಿಸಿದವಳು. ಅವಳ ತಲೆಗೆ ಹೋಗದಿದ್ದದ್ದು ಒಂದೇ: ಸೊಸೆ ಶಾಲೆಗೆ ಹೋದರೆ ಮಗ ಎಲ್ಲಿಗೆ ಹೋಗುತ್ತಾನೆ? ಅಪ್ಪ ಅತ್ತಿತ್ತ ನೋಡಿ, ಶಾಲೆಯ ಹತ್ತಿರ ಏನಾದರೂ ಕೆಲಸ ಸಿಕ್ಕೀತು ಎಂದ. ಅಜ್ಜಿಗೆ ಸ್ವಲ್ಪ ಕಿವಿ ಮಂದ. ಶಾಲೆಯಲ್ಲೇ ಕೆಲಸ ಸಿಕ್ಕಿದೆ ಎಂದು ಕೇಳಿಸಿಕೊಂಡಳು. ಅಪ್ಪ ತಿದ್ದಲು ಹೋಗಲಿಲ್ಲ.

ಆಗ ಶರಾವತಿಗೆ ಸೇತುವೆ ಇರಲಿಲ್ಲ. ಹೊನ್ನಾವರದಲ್ಲಿ ಬಸ್ಸಿಳಿದು, ಲಾಂಚಿನಲ್ಲಿ ಹೊಳೆ ದಾಟಿ, ಕಾಸರಕೋಡಿನ ಕಡೆ ನಿಂತ ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಲಾಂಚಿನಲ್ಲಿ ನಮ್ಮ ಎದುರು ಕುಳಿತ ವಯಸ್ಸಾದ ಗಂಡಸೊಬ್ಬರು ನಮ್ಮ ಟ್ರಂಕು, ಹಾಸಿಗೆಯ ಸುರುಳಿ, ಅಪ್ಪನ ಕೋಟು, ಕೊಡೆ ಎಲ್ಲವನ್ನೂ ಕಣ್ಣಲ್ಲೇ ಅಳೆದು, "ಮಾಸ್ತರ್ರಿಗೆ ಎಲ್ಲಿಗೆ ವರ್ಗ ಆತು?" ಎಂದು ಕೇಳಿದರು. ಅಪ್ಪ ಬಾಯಿ ತೆರೆದು ಆಯಿಯ ಮುಖ ನೋಡಿದ. ಆಯಿ ನೀರಿನ ಮೇಲೆ ಸುತ್ತುತ್ತಿದ್ದ ಹದ್ದನ್ನು ನೋಡುತ್ತಿದ್ದಳು.

"ತೆಂಗಿನಗುಂಡಿ" ಎಂದ ಅಪ್ಪ. ಅದು ಸುಳ್ಳಂತೂ ಅಲ್ಲ.

ಆ ಮನುಷ್ಯರೂ ಭಟ್ಕಳದ ಕಡೆಯವರೇ. ನಮ್ಮ ಜೊತೆ ಬಸ್ಸು ಹತ್ತಿ, ಹೊಸ ಮಾಸ್ತರ್ರು ಎಂದು ಹೇಳಿ ಅಪ್ಪನಿಗೆ ಕಿಟಕಿಯ ಹತ್ತಿರ ಜಾಗ ಮಾಡಿಸಿದರು, ಇಳಿದ ಮೇಲೆ ಗಾಡಿ ಮಾಡಿಕೊಟ್ಟರು. ನಾವು ತೆಂಗಿನಗುಂಡಿ ಮುಟ್ಟುವುದಕ್ಕೆ ಮೊದಲೇ ಹೊಸ ಮಾಸ್ತರ್ರು ಬರುತ್ತಾರೆಂಬ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಮರುದಿನ ಶಾಲೆಗೆ ಹೋಗಿ ಕರಿಹಲಗೆಯ ಮುಂದೆ ನಿಂತವಳು ಆಯಿ ಎಂದು ಊರಿಗೆಲ್ಲ ಗೊತ್ತಾಯಿತು, ಆದರೂ ಅಪ್ಪನಿಗೆ ಅಂಟಿದ ಹೆಸರು ಕಳಚಲಿಲ್ಲ. ನಮಗೆ ಮನೆ ಬಾಡಿಗೆಗೆ ಕೊಟ್ಟ ಮುದುಕಿ, ಅಕ್ಕೋರ ಗಂಡ ಮಾಸ್ತರ್ರಲ್ಲದೆ ಮತ್ತೆಂತ ಎಂದು ಒಂದೇ ಮಾತಿನಲ್ಲಿ ಅದನ್ನು ತೀರ್ಮಾನಿಸಿಬಿಟ್ಟಳು.

ಈ ಮುದುಕಿಯನ್ನು ನಾನು ದೊಡ್ಡಾಯಿ ಎಂದು ಕರೆಯುತ್ತಿದ್ದೆ. ನಮ್ಮ ಮನೆಯ ಪಕ್ಕದ್ದೇ ಅವಳ ಮನೆ, ನಡುವೆ ಒಂದು ಕೇದಿಗೆಯ ಬೇಲಿ. ವರ್ಷಾನುಗಟ್ಟಲೆ ಮೀನಿನ ಬುಟ್ಟಿ ಹೊತ್ತು ಭಟ್ಕಳದ ಪೇಟೆಗೆ ನಡೆದವಳು. ಮಂಡಿ ನೋವು ಬಂದ ಮೇಲೆ ಅಂಗಳದಲ್ಲೇ ಕೂತು ಒಣಮೀನು ಮಾರುತ್ತಿದ್ದಳು. ಆ ಕೇರಿಯ ಹೆಂಗಸರೆಲ್ಲ ಹಾಗೆಯೇ. ಗಂಡಸರು ಸಮುದ್ರದಿಂದ ಮೀನು ತಂದು ದಡಕ್ಕೆ ಸುರಿದರೆ ಅಲ್ಲಿಂದ ಮುಂದಿನದೆಲ್ಲ ಹೆಂಗಸರದ್ದು. ಮಾರುವುದು, ಚೌಕಾಸಿ, ದುಡ್ಡು ಸೊಂಟಕ್ಕೆ ಸಿಕ್ಕಿಸುವುದು, ಮನೆಗೆ ಅಕ್ಕಿ ತರುವುದು. ಹೀಗಾಗಿ ಹೆಂಡತಿ ದುಡಿದು ತರುವುದರಲ್ಲಿ ಅವರಿಗೆ ವಿಶೇಷವೇನೂ ಕಾಣಲಿಲ್ಲ. ದೋಣಿ ಹತ್ತದ ಗಂಡಸೊಬ್ಬ ಹಗಲೆಲ್ಲ ಮನೆಯಲ್ಲಿ ಏನು ಮಾಡುತ್ತಾನೆ ಎನ್ನುವುದರ ಬಗ್ಗೆ ಮಾತ್ರ ಅವರಿಗೆ ತುಂಬ ಕುತೂಹಲವಿತ್ತು.

ಮೊದಲು ಅಪ್ಪ ಏನೂ ಮಾಡಲಿಲ್ಲ. ಕೆಲಸ ಹುಡುಕಿಕೊಂಡು ಭಟ್ಕಳದ ಪೇಟೆ ಸುತ್ತಿದ. ಒಂದು ಸಲ ದೋಣಿಯನ್ನೂ ಹತ್ತಿ ನೋಡಿದ. ದಡ ಕಾಣುತ್ತಿರುವಾಗಲೇ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ ವಾಪಸು ಬಂದ. ಆಯಿ ಬೆಳಗಾಗುವ ಮೊದಲೇ ಎದ್ದು ಅಡುಗೆ ಮಾಡಿ, ಶಾಲೆಗೆ ಓಡಿ, ಮಧ್ಯಾಹ್ನ ಬಂದು ಬಡಿಸಿ, ಮತ್ತೆ ಓಡಿ, ಸಂಜೆ ಬಂದು ಒಲೆಯ ಮುಂದೆ ಕೂರುತ್ತಿದ್ದಳು. ಒಂದು ದಿನ ಮಧ್ಯಾಹ್ನ ನಾನೂ ಅವಳೂ ಶಾಲೆಯಿಂದ ಬಂದಾಗ ಬೆಳಿಗ್ಗೆ ಮಾಡಿಟ್ಟ ಗಂಜಿಯ ಜೊತೆಗೆ ಒಂದು ಪಾತ್ರೆಯಲ್ಲಿ ಬಿಸಿ ಸಾರು ಇತ್ತು. ಅಪ್ಪ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದ. ತಳ ಹಿಡಿದ ಸಾರು, ಉಪ್ಪು ಬಹಳ ಮುಂದೆ, ಹುಳಿ ಅದಕ್ಕಿಂತ ಮುಂದೆ. ನಾನು ಮುಖ ಸಿಂಡರಿಸಿದೆ. ಆಯಿ ನನ್ನ ತೊಡೆಗೆ ಮೆಲ್ಲಗೆ ಚಿವುಟಿ, ತಾಟು ಮುಂದೆ ನೂಕಿ, "ಇನ್ನೊಂದು ಸೌಟು ಹಾಕ್ರಿ" ಎಂದಳು.

ಆ ಒಂದು ಸೌಟಿನಿಂದ ನಮ್ಮ ಮನೆಯ ಆಡಳಿತ ಬದಲಾಯಿತು.

ಅಪ್ಪ ಬಾಗಿಲು ಹಾಕಿಕೊಂಡು ಅಡುಗೆ ಮಾಡುತ್ತಿದ್ದ. ಬಾಗಿಲು ಮುಚ್ಚಬಹುದು, ವಾಸನೆ ಮುಚ್ಚುವುದು ಹೇಗೆ? ಒಂದು ದಿನ ದೊಡ್ಡಾಯಿ ಹಿತ್ತಲ ಕಡೆಯಿಂದ ಸೀದಾ ಅಡುಗೆಮನೆಗೇ ಬಂದಳು. ಅಪ್ಪ ಸೌಟನ್ನು ಬೆನ್ನ ಹಿಂದೆ ಅಡಗಿಸಿ, ಕೋರ್ಟಿನಲ್ಲಿ ನಿಂತವನ ಹಾಗೆ ನಿಂತ. ಅವಳು ಅವನ ಮುಖವನ್ನು ನೋಡಲೇ ಇಲ್ಲ. ಬಗ್ಗಿ ಪಾತ್ರೆಯನ್ನು ನೋಡಿ, ಬಂಗಡೆ ಮೀನಿಗೆ ಕೊತ್ತುಂಬರಿ ಇಷ್ಟು ಕಪ್ಪು ಹುರಿಯಬಾರದು, ಘಮಕ್ಕೆ ಜುಮ್ಮನಕಾಯಿ ಜಜ್ಜಿ ಕಡೆಗೆ ಹಾಕಬೇಕು ಎಂದು ಹೇಳಿ ಬಂದ ದಾರಿಯಲ್ಲೇ ಹೋದಳು. ಮರುದಿನದಿಂದ ಅಪ್ಪ ಬಾಗಿಲು ಹಾಕುವುದನ್ನು ಬಿಟ್ಟ. ಮಳೆಗಾಲ ಮುಗಿಯುವಷ್ಟರಲ್ಲಿ ಅವನ ಮೀನುಸಾರು ಬೇಲಿಯಾಚೆಗೂ ಹೆಸರು ಮಾಡಿತ್ತು.

ಬಾವಿಯ ವಿಷಯ ಮಾತ್ರ ಸ್ವಲ್ಪ ಕಠಿಣವಾಯಿತು. ಕೇರಿಗೆಲ್ಲ ಒಂದೇ ಬಾವಿ, ಅಲ್ಲಿ ಗಂಡಸರು ನಿಲ್ಲುವ ಪದ್ಧತಿಯಿಲ್ಲ. ಅಪ್ಪ ಕೊಡ ಹಿಡಿದು ಹೋದರೆ ಹೆಂಗಸರೆಲ್ಲ ಮಾತು ನಿಲ್ಲಿಸಿ ಸೆರಗು ಸರಿಮಾಡಿಕೊಂಡು ಅವನ ಕೊಡ ತುಂಬುವವರೆಗೂ ಆಕಾಶ ನೋಡುತ್ತಿದ್ದರು. ಹಾಗೆ ಆಕಾಶ ನೋಡಿ ನೋಡಿ ಅವರಿಗೇ ಬೇಸರ ಬಂದಿರಬೇಕು. ನಡುವೆ ನಿಂತ ಮಾತು ಮೆಲ್ಲಗೆ ಮತ್ತೆ ಶುರುವಾಯಿತು, ಅಪ್ಪನಿಗೂ ಒಂದೆರಡು ಪಾಲು ಸಿಕ್ಕಿತು. ಸಂಜೆ ಆಯಿ ಶಾಲೆಯಿಂದ ಬಂದು ಆರಾಮಕುರ್ಚಿಯಲ್ಲಿ ಕಾಲು ಚಾಚಿ, "ಚಾ ಆತಾ?" ಎಂದು ಕೇಳುತ್ತಿದ್ದಳು. ಅಪ್ಪ ಚಹದ ಜೊತೆಗೆ ಯಾರ ಸೊಸೆ ತವರಿಗೆ ಹೋದಳು, ಯಾರ ಬಲೆ ಹರಿಯಿತು ಎಂಬ ವರದಿಯನ್ನೂ ತಂದು ಕೊಡುತ್ತಿದ್ದ. ಆಯಿ ಅರ್ಧ ಕೇಳುತ್ತ ಹೂಂಗುಟ್ಟುತ್ತಿದ್ದಳು. ನಾನು ಕೇಳುತ್ತಿಲ್ಲ ಎಂದು ಗೊತ್ತಾದರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು, ಅವಳು ಕೇಳುತ್ತಿಲ್ಲ ಎಂದು ಗೊತ್ತಾದರೆ ದುಃಖ.

ಭಟ್ಕಳದ ಪೇಟೆಯಲ್ಲಿ ಆಯಿ ತನ್ನ ಮೊದಲ ಚಪ್ಪಲಿ ಕೊಂಡದ್ದೂ ಆಗಲೇ. ನಮ್ಮ ಹೊಳನಗದ್ದೆಯಲ್ಲಿ ಹೆಂಗಸರು ಚಪ್ಪಲಿ ಮೆಟ್ಟುತ್ತಿರಲಿಲ್ಲ. ಅಂಗಡಿಯವರು ಮರ್ಯಾದಸ್ಥರು, ಪರಹೆಂಗಸನ್ನು ನೇರ ನೋಡಿ ಮಾತಾಡುವವರಲ್ಲ. ಹೀಗಾಗಿ ಆಯಿಯ ಕಾಲಿನ ಅಳತೆ, ಬಣ್ಣ, ಒತ್ತುತ್ತದೋ ಇಲ್ಲವೋ ಎಲ್ಲವನ್ನೂ ಅಪ್ಪನನ್ನೇ ಕೇಳಿದರು.

"ಮಾಸ್ಟರ್ ಸಾಬ್, ಇದು ಆಗ್ತದಾ ಕೇಳಿ."

"ಅವಳನ್ನೇ ಕೇಳಿ. ಕಾಲೂ ಅವಳದ್ದು, ಪಾಕೀಟೂ ಅವಳದ್ದು" ಎಂದ ಅಪ್ಪ.

ಅಂಗಡಿಯವರು ನಕ್ಕರು. ಆಮೇಲೆ ಆ ಅಂಗಡಿಯ ಮುಂದೆ ಹಾದರೆ ಅವರು ಅಪ್ಪನಿಗೆ ಸಲಾಂ ಹೇಳುತ್ತಿದ್ದರು, ಆಯಿಯ ಕಡೆ ಸಣ್ಣಗೆ ತಲೆ ಬಾಗಿಸುತ್ತಿದ್ದರು.

ಇಷ್ಟಾದರೂ ಆಯಿಗೆ ಶಾಲೆಯಲ್ಲಿ ಒಂದು ದೊಡ್ಡ ತೊಡಕಿತ್ತು. ಅವಳ ತರಗತಿಗೆ ಹುಡುಗಿಯರು ಬರುತ್ತಿರಲಿಲ್ಲ. ತಾಯಂದಿರು ಬುಟ್ಟಿ ಹೊತ್ತು ಪೇಟೆಗೆ ಹೋದರೆ ಮನೆಯಲ್ಲಿ ಕೂಸು ನೋಡಿಕೊಳ್ಳುವವರು ಈ ಹುಡುಗಿಯರೇ. ಆಯಿ ಮನೆಮನೆಗೆ ಹೋಗಿ, ಕೂಸನ್ನೂ ಎತ್ತಿಕೊಂಡು ಬನ್ನಿ ಎಂದಳು. ಬಂದರು. ಒಂದು ಕೂಸು ಸೀಮೆಸುಣ್ಣ ತಿಂದಿತು. ಇನ್ನೊಂದು ಮಗ್ಗಿ ಶುರುವಾದ ಕೂಡಲೇ ಅಳುತ್ತಿತ್ತು, ನಿಲ್ಲಿಸಿದರೆ ನಗುತ್ತಿತ್ತು. ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಮಾಸ್ತರ್ರು ಬಹಳ ಸಾಧು ಮನುಷ್ಯರು. ಅವರ ರುಮಾಲಿನ ಮೇಲೆ ಒಂದು ಕೂಸು ಮಾಡಬಾರದ್ದನ್ನು ಮಾಡಿದ ದಿನ ಅವರೂ ಇನ್ನು ಕೂಸು ಬೇಡ ಎಂದು ಕೈಮುಗಿದರು.

ಆ ಸಂಜೆ ಆಯಿ ಆರಾಮಕುರ್ಚಿಯಲ್ಲಿ ಒರಗಿ ಜಗಲಿಯ ಮಾಡನ್ನು ನೋಡುತ್ತ, ಆ ಕೂಸುಗಳನ್ನು ಯಾರಾದರೂ ಶಾಲೆ ಬಿಡುವವರೆಗೆ ನೋಡಿಕೊಂಡಿದ್ದರೆ ಆಗುತ್ತಿತ್ತು ಎಂದಳು. ಅಪ್ಪ ಚಹದ ಲೋಟ ಹಿಡಿದುಕೊಂಡೇ, ಯಾರು ನೋಡಿಕೊಳ್ಳುತ್ತಾರೆ ಎಂದ. ದೊಡ್ಡಾಯಿಯನ್ನು ಕೇಳಿ ಆಗಿತ್ತು. ತನ್ನ ಪಾಲಿನ ಕೂಸುಗಳನ್ನು ಎತ್ತಿ ಆಡಿಸಿ ಮುಗಿದಿದೆ, ಇನ್ನು ಸ್ವರ್ಗದಲ್ಲಿ ಕೊಟ್ಟರೂ ಎತ್ತುವುದಿಲ್ಲ ಎಂದು ಅವಳು ಹೇಳಿದ್ದಳು. ಆಯಿ ಮಾಡು ನೋಡುವುದನ್ನು ಬಿಡಲಿಲ್ಲ. ಅಲ್ಲೇನಿದೆ ಎಂದು ಅಪ್ಪನೂ ತಲೆಯೆತ್ತಿ ನೋಡಿದ. ಸೀರೆಯ ಜೋಲಿ ಕಟ್ಟಲು ಹೇಳಿ ಮಾಡಿಸಿದಂಥ ಗಟ್ಟಿ ಜಂತಿ ಇತ್ತು.

ಮೊದಲು ಒಂದು ಕೂಸು ಬಂತು. ಆಮೇಲೆ ಅದರ ನೆರೆಯ ಕೂಸು, ಆಮೇಲೆ ನೆರೆಯದರ ನೆರೆಯದು. ಹೊಸ ವರ್ಷ ಶುರುವಾಗುವ ಹೊತ್ತಿಗೆ ನಮ್ಮ ಜಗಲಿಯಲ್ಲಿ ಜೋಲಿಗಳು ತೂಗುತ್ತಿದ್ದವು, ಆಯಿಯ ತರಗತಿಯಲ್ಲಿ ಹುಡುಗಿಯರು ಸಾಲಾಗಿ ಕೂತಿದ್ದರು. ಪೇಟೆಗೆ ಹೊರಟ ಹೆಂಗಸರು ಕೂಸನ್ನು ಬಿಡುವಾಗ ಬುಟ್ಟಿಯಿಂದ ನಾಲ್ಕು ಒಳ್ಳೆಯ ಮೀನು ಎತ್ತಿ ನಮ್ಮ ಅಂಗಳದಲ್ಲಿಟ್ಟು ಹೋಗುತ್ತಿದ್ದರು. ವಖಾರಿ ಮುಚ್ಚಿದ ಮೇಲೆ ಅದು ಅಪ್ಪನ ಮೊದಲ ಸಂಪಾದನೆ. ಊಟಕ್ಕೆ ಬಡಿಸುತ್ತ, "ಇದು ನನ್ನ ದುಡಿಮೆ, ಗೊತ್ತದೆಯಾ?" ಎಂದು ಎದೆಯುಬ್ಬಿಸಿ ಹೇಳಿದ. ಹಾಗಾದರೆ ಇನ್ನು ದುಡ್ಡು ಕೊಟ್ಟು ಮೀನು ತರುವುದು ಬೇಡ, ತನ್ನ ಪಗಾರ ಉಳಿಯಿತು ಎಂದಳು ಆಯಿ. ಅವರಿಬ್ಬರೂ ಅಷ್ಟು ಗಂಭೀರವಾಗಿ ಮಾತಾಡಿದ್ದನ್ನು ಮತ್ತು ಅಷ್ಟು ಸಂತೋಷವಾಗಿದ್ದುದನ್ನು ನಾನು ಒಟ್ಟಿಗೇ ನೋಡಿದ್ದು ಅಂದು.

ದಡದ ಗಂಡಸರು ಸುಮ್ಮನಿರಲಿಲ್ಲ. ಬಲೆ ಹೆಣೆಯುತ್ತ ಕೂತವರು ಅಪ್ಪ ಹಾದರೆ, ಮಾಸ್ತರ್ರ ಇಯತ್ತೆಯಲ್ಲಿ ಈ ವರ್ಷ ಯಾರು ಪಾಸು, ಯಾರು ನಪಾಸು ಎಂದು ಕೇಳುತ್ತಿದ್ದರು. ಅಪ್ಪನ ಕಿವಿ ಕೆಂಪಾಗುತ್ತಿತ್ತು. ಕೆಲವು ದಿನ ಅವನು ದಡದ ದಾರಿ ಬಿಟ್ಟು ಸುತ್ತು ಹಾಕಿ ಹೋದದ್ದೂ ಉಂಟು. ಹೀಗಿರುವಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನ ಹೆಂಡತಿ ಜ್ವರದಿಂದ ಮಲಗಿದಳು. ಅವನು ತನ್ನ ಕೂಸನ್ನು ಎರಡೂ ಕೈಯಲ್ಲಿ, ಜೀವಂತ ಏಡಿಯನ್ನು ಹಿಡಿದ ಹಾಗೆ ಮೈಯಿಂದ ದೂರ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದು ನಿಂತ. ಅಪ್ಪ ಕೂಸನ್ನು ಎತ್ತಿಕೊಂಡು ಹೆಗಲಿಗೆ ಹಾಕಿ ಬೆನ್ನು ತಟ್ಟಿದ, ಅದು ತೇಗಿ ಸುಮ್ಮನಾಯಿತು. ಆ ಗಂಡಸು ಹೋಗುವಾಗ, ಅದು ಹೇಗೆ ಮಾಡಿದ್ದು ಎಂದು ಇನ್ನೊಂದು ಸಲ ತೋರಿಸಬೇಕೆಂದು ಕೇಳಿದ. ದಡದಲ್ಲಿ ಪಾಸು ನಪಾಸಿನ ಮಾತು ಅಲ್ಲಿಗೆ ಕಡಿಮೆಯಾಯಿತು.

ಎಲ್ಲ ಸುರಳೀತ ನಡೆಯುತ್ತಿರುವಾಗ ಕುಮಟೆಯಿಂದ ಬಂದವರೊಬ್ಬರು ಸುದ್ದಿ ತಂದರು. ಗದ್ದೆ ಕೆಲಸ ಮುಗಿದಿದೆ, ಅಜ್ಜಿ ಮಗನ ಶಾಲೆ ನೋಡಲು ಬರುತ್ತಿದ್ದಾಳೆ.

ಆಯಿ ಚಪ್ಪಲಿಯನ್ನು ಟ್ರಂಕಿನ ತಳಕ್ಕೆ ಹಾಕಿದಳು. ಅಪ್ಪ ತನ್ನ ಹಳೆಯ ಕೋಟು ತೆಗೆದು ಕೊಡವಿದ. ಜೋಲಿಗಳೆಲ್ಲ ಬಿಚ್ಚಿ ಬೇಲಿಯಾಚೆಗೆ ದೊಡ್ಡಾಯಿಯ ಜಗಲಿಗೆ ಹೋದವು. ಕೂಸು ಎತ್ತುವುದಿಲ್ಲ, ಜಾಗ ಬೇಕಾದರೆ ಕೊಡುತ್ತೇನೆ ಎಂದು ಅವಳು ಒಪ್ಪಿಕೊಂಡಿದ್ದಳು. ಏರ್ಪಾಡು ಹೀಗಿತ್ತು: ಬೆಳಿಗ್ಗೆ ಅಪ್ಪ ಕೋಟು ಹಾಕಿ ಕೊಡೆ ಹಿಡಿದು ಆಯಿಯ ಜೊತೆ ಶಾಲೆಗೆ ಹೊರಡುವುದು, ತಿರುವಿನಲ್ಲಿ ಕೇದಿಗೆಯ ಹಿಂದೆ ನುಸುಳಿ ದೊಡ್ಡಾಯಿಯ ಹಿತ್ತಲು ಸೇರುವುದು. ಅಲ್ಲೇ ಕೂಸುಗಳನ್ನು ನೋಡಿಕೊಂಡು ಅವಳ ಒಲೆಯಲ್ಲಿ ಅಡುಗೆಯನ್ನೂ ಮಾಡುವುದು. ಆಯಿ ಮಸಾಲೆ ಅರೆದಿಟ್ಟು ಹೋಗುತ್ತಾಳೆ, ಬೇಯಿಸುವ ಕೆಲಸ ಮಾತ್ರ ದೊಡ್ಡಾಯಿಯದ್ದು ಎಂದು ಅಜ್ಜಿಗೆ ಹೇಳುವುದು.

ಅಜ್ಜಿ ಕುಮಟೆಯ ಸಿಹಿ ಈರುಳ್ಳಿಯ ಜಡೆ ಹೆಗಲಿಗೆ ಹಾಕಿಕೊಂಡು ಬಂದಳು. ಮೊದಲ ಊಟದಲ್ಲೇ ಕೈ ನಿಲ್ಲಿಸಿ ಆಯಿಯ ಮುಖ ನೋಡಿದಳು. ಇಷ್ಟು ವರ್ಷ ಸೊಸೆಯ ಕೈಯಲ್ಲಿ ಉಂಡಿದ್ದೇನೆ, ಇಂಥ ರುಚಿ ಕಂಡಿಲ್ಲ, ಇಲ್ಲಿಯ ನೀರು ಅವಳ ಕೈಗೆ ಹಿಡಿಸಿದೆ ಎಂದಳು. ಆಯಿ ತಲೆ ತಗ್ಗಿಸಿದಳು. ಅಪ್ಪನಿಗೆ ಮಾತ್ರ ತಡೆಯಲಾಗಲಿಲ್ಲ. ಸಾರು ನಿಜವಾಗಿ ಅಷ್ಟು ಚಲೋ ಆಗಿದೆಯೇ, ಹುಳಿ ಸರಿಯಿದೆಯೇ, ನಿನ್ನೆಗಿಂತ ಇಂದು ಹೇಗೆ ಎಂದು ದಿನಾ ಕೇಳುತ್ತಿದ್ದ. ಅವನ ಬಾಯಿ ಮುಚ್ಚಿಸಲು ಆಯಿ ಅವನ ತಾಟಿಗೆ ಅನ್ನ ಸುರಿಯುತ್ತಿದ್ದಳು. ಅಜ್ಜಿಯ ಹೊಗಳಿಕೆ ಹೆಚ್ಚಿದಷ್ಟೂ ಆಯಿ ಸಣ್ಣಗಾಗುತ್ತ, ಅಪ್ಪ ದಪ್ಪಗಾಗುತ್ತ ಹೋದ.

ಒಂದು ಬೆಳಿಗ್ಗೆ ನನಗೆ ಸ್ವಲ್ಪ ಮೈ ಬಿಸಿಯಾಗಿ ಮನೆಯಲ್ಲೇ ಉಳಿದಿದ್ದೆ. ಅಜ್ಜಿ ಜಗಲಿಯಲ್ಲಿ ಕೂತು ಈರುಳ್ಳಿಯ ಸಿಪ್ಪೆ ಬಿಡಿಸುತ್ತಿದ್ದಳು. ಬೇಲಿಯಾಚೆಯಿಂದ ದಿನದಂತೆ ಕೂಸುಗಳ ಅಳು ಕೇಳುತ್ತಿತ್ತು, ಅದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಅಂದು ಅಳು ಬಹಳ ಜೋರಾಯಿತು. ಅದನ್ನು ಅಡಗಿಸಲು ಅಪ್ಪನೂ ಅಷ್ಟೇ ಜೋರಾಗಿ ಜೋಗುಳ ತೆಗೆದ. ಅಜ್ಜಿಯ ಕಿವಿ ಮಂದವಾದರೂ ಹಾಡಿಗೆ ಮಂದವಲ್ಲ. ನೆಟ್ಟಿಯ ಗದ್ದೆಯಲ್ಲಿ ಮೊದಲ ದನಿ ತೆಗೆದು ಉಳಿದವರನ್ನು ಎಳೆದುಕೊಂಡು ಹೋಗುತ್ತಿದ್ದವಳು ಅವಳೇ. ಈ ಜೋಗುಳವೂ ಅವಳದ್ದೇ. ಅದರ ಕಡೆಯ ನುಡಿಗಳನ್ನು ಅವಳು ತಾನೇ ಕಟ್ಟಿ ಸೇರಿಸಿದ್ದಳು. ಎತ್ತಿಕೊಂಡರೆ ಮಾತ್ರ ಸುಮ್ಮನಾಗುವ, ಕೆಳಗಿಟ್ಟರೆ ಊರೆಲ್ಲ ಕೇಳುವಂತೆ ಕೂಗುವ ಒಬ್ಬ ಹಟಮಾರಿ ಕೂಸಿನ ವರ್ಣನೆ ಅದು. ಆ ಕೂಸು ಯಾರೆಂದು ಬೇರೆ ಹೇಳಬೇಕಿಲ್ಲ.

ಅಜ್ಜಿಯ ಕೈಯಲ್ಲಿದ್ದ ಈರುಳ್ಳಿ ಕೈಯಲ್ಲೇ ಉಳಿಯಿತು. ಎದ್ದು ಬೇಲಿಯ ಸಂದಿಯಲ್ಲಿ ಹಾದು ಹೋದಳು. ನಾನು ಜ್ವರ ಮರೆತು ಹಿಂದೆ ಓಡಿದೆ.

ಅಪ್ಪ ಕೋಟು ಕಳಚಿ ಗಳುವಿಗೆ ಹಾಕಿದ್ದ. ತೊಡೆಯ ಮೇಲೆ ಒಂದು ಕೂಸು, ಕಾಲಿನ ಹೆಬ್ಬೆರಳಿಗೆ ಜೋಲಿಯ ಹಗ್ಗ, ಪಕ್ಕದಲ್ಲಿ ಅರ್ಧ ಕೆರೆದ ತೆಂಗಿನಕಾಯಿ. ಅಜ್ಜಿಯನ್ನು ಕಂಡು ಹಾಡು ನಿಂತಿತು. ಕೂಸುಗಳು ಒಟ್ಟಿಗೆ ಅಳತೊಡಗಿದವು. ಒಣಮೀನು ಮಗುಚುತ್ತಿದ್ದ ದೊಡ್ಡಾಯಿ, ಇದು ತನ್ನ ವ್ಯವಹಾರವಲ್ಲ ಎಂಬಂತೆ ಆಚೆ ತಿರುಗಿ ಕೂತಳು.

"ಅಬ್ಬೆ, ಇದು ಎಂತ ಅಂದ್ರೆ..."

"ಎಂತ ಅಂತ ನಂಗೆ ಕಾಣ್ತದೆ. ಎಂತಕೆ ನಿಲ್ಸಿದೆ? ಹಾಡು. ನಡುವಿನ ಒಂದು ನುಡಿ ಬಿಟ್ಟೆ ನೀನು."

ಅಪ್ಪ ಬಿಟ್ಟ ನುಡಿ ಹುಡುಕಿ ಹಾಡಿದ. ಕೂಸುಗಳು ಒಂದೊಂದಾಗಿ ಸುಮ್ಮನಾದವು. ಅಜ್ಜಿ ಒಲೆಯ ಕಡೆ ನೋಡಿದಳು.

"ಸಾರು ಮಾಡೂದು ಯಾರು?"

"ನಾನೇಯ."

"ದಿನಾ?"

"ದಿನಾ."

"ನಿನ್ನಪ್ಪ ಕುಡಿಯೂ ನೀರಿಗೂ ಕೂಗ್ತಿದ್ದ. ಚೆಂಬು ಕಾಲ ಬುಡದಲ್ಲೇ ಇರ್ತಿತ್ತು" ಎಂದಳು ಅಜ್ಜಿ. ಅದು ಬೈದದ್ದೋ, ಅಜ್ಜನನ್ನು ನೆನೆದದ್ದೋ ನನಗೆ ಇಂದಿಗೂ ಗೊತ್ತಿಲ್ಲ. ಬಂದ ದಾರಿಯಲ್ಲೇ ಹಿಂದೆ ಹೋಗಿ ಮತ್ತೆ ಈರುಳ್ಳಿ ಬಿಡಿಸಲು ಕೂತಳು. ಮಧ್ಯಾಹ್ನ ಮಾತಿಲ್ಲದೆ ಉಂಡಳು, ಆದರೆ ಉಂಡಳು.

ಬೈಗುಳ ಸಿಕ್ಕಿದ್ದು ಸಂಜೆ, ಆಯಿಗೆ. ಗಂಡನ ಕೈಯಲ್ಲಿ ಅಡುಗೆ ಮಾಡಿಸಿದ್ದಕ್ಕೆಂದು ನಾವೆಲ್ಲ ತಿಳಿದದ್ದೇ ತಪ್ಪಾಯಿತು. ಇಷ್ಟು ದಿನ ಎದುರು ಕೂತು ಹೊಗಳಿಸಿಕೊಂಡಳಲ್ಲ, ಬಾಯಿ ಬಿಡಲಿಲ್ಲವಲ್ಲ, ಅದಕ್ಕೆ. "ನಾ ಹೊಗಳಿದ್ದೆಲ್ಲ ವಾಪಸ್ ಕೊಡು" ಎಂದಳು ಅಜ್ಜಿ. ಆಯಿ ನಗಬಾರದೆಂದು ಸೆರಗು ಕಚ್ಚಿ ಹಿಡಿದು, ಆತು ಅತ್ತೆ ಎಂದಳು. ಅಜ್ಜಿ ಮೊದಲು ನಕ್ಕಳು. ಆಮೇಲೆ ಸ್ವಲ್ಪ ಅತ್ತಳು ಕೂಡ. ಗುಮಾಸ್ತನಾಗಿದ್ದ ಮಗನ ಬಗ್ಗೆ ಅವಳಿಗಿದ್ದ ಹೆಮ್ಮೆ ಅಷ್ಟು ಸುಲಭವಾಗಿ ಕರಗುವಂಥದ್ದಲ್ಲ. ನನ್ನ ಮಗನಿಗೆ ಬೇರೆ ಕೆಲಸವೇ ಇರಲಿಲ್ಲವೇ ಎಂದು ಯಾರನ್ನೂ ಉದ್ದೇಶಿಸದೆ ಕೇಳಿದಳು.

ಮರುದಿನ ಅಪ್ಪ ಅಭ್ಯಾಸದಂತೆ ಕೋಟಿಗೆ ಕೈ ಹಾಕಿದಾಗ ಅಜ್ಜಿ, ಸೆಖೆಯಲ್ಲಿ ಎಂತಕೆ ಅದು, ತೆಗೆದಿಡು ಎಂದಳು. ಜೋಲಿಗಳು ನಮ್ಮ ಜಗಲಿಗೆ ವಾಪಸು ಬಂದವು. ಅಜ್ಜಿ ನೆನೆಸಿದ್ದಕ್ಕಿಂತ ಹೆಚ್ಚು ದಿನ ಉಳಿದಳು, ಒಂದು ಜೋಲಿಯ ಹಗ್ಗ ಅವಳ ಕೈಯಲ್ಲೇ ಇರುತ್ತಿತ್ತು. ಅಪ್ಪ ಕೂಸು ಎತ್ತುವುದು, ಮೀನು ಕೊಯ್ಯುವುದು ಅವಳಿಗೆ ಹೇಗೋ ಒಪ್ಪಿಗೆಯಾಯಿತು. ಅವನು ಅರೆಯುವ ಕಲ್ಲಿನ ಮುಂದೆ ಕೂತಾಗ ಮಾತ್ರ ನೋಡಲಾರದೆ ಗೋಡೆಯ ಕಡೆ ತಿರುಗುತ್ತಿದ್ದಳು. ಕಡೆಯವರೆಗೂ ಅದೊಂದು ಅವಳಿಗೆ ಸರಿಹೋಗಲಿಲ್ಲ.

ಒಂದು ಭಾನುವಾರ ಅವಳು ಆಯಿಯ ಶಾಲೆ ನೋಡಬೇಕೆಂದಳು. ಯಾರೂ ಇಲ್ಲದ ಕೋಣೆಗೆ ಆಯಿ ನಮ್ಮನ್ನು ಕರೆದುಕೊಂಡು ಹೋದಳು. ಅಜ್ಜಿ ಕರಿಹಲಗೆ ನೋಡಲಿಲ್ಲ, ಗೋಡೆಯ ನಕಾಶೆ ನೋಡಲಿಲ್ಲ. ಕುರ್ಚಿ ನೋಡಿದಳು.

"ಇದು ನಿಂದೇಯ?"

ಆಯಿ ಹೌದೆಂದಳು. ಅಜ್ಜಿ ಅತ್ತಿತ್ತ ನೋಡಿ ಮೆಲ್ಲಗೆ ಅದರ ಮೇಲೆ ಕೂತಳು. ಅವಳ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಕೈಗಳನ್ನು ಎರಡೂ ಬದಿಗೆ ಇಟ್ಟು, ಖಾಲಿ ಕೋಣೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದಳು. "ಗಟ್ಟಿ ಅದೆ" ಎಂದಳು. ಅವಳು ಇಳಿಯುವವರೆಗೆ ಆಯಿ ಮಕ್ಕಳು ಕೂರುವ ಚಾಪೆಯ ಮೇಲೆ ಕೂತು ಕಾದಳು.

ಹೊಳನಗದ್ದೆಗೆ ಹೋಗಿ ಅಜ್ಜಿ ಕೇಳಿದವರಿಗೆಲ್ಲ ಹೇಳಿದ್ದು ಒಂದೇ: ಸೊಸೆ ಶಾಲೆ ನೋಡಿಕೊಳ್ಳುತ್ತಾಳೆ, ಮಗ ಮಕ್ಕಳನ್ನು ನೋಡಿಕೊಳ್ಳುತ್ತಾನೆ. ಒಂದಕ್ಷರ ಸುಳ್ಳಿಲ್ಲ. ಕೇಳಿದವರು ಅಪ್ಪನನ್ನು ದೊಡ್ಡ ಮಾಸ್ತರ್ರೆಂದೇ ತಿಳಿದುಕೊಂಡರೆ ಅದು ಅವರ ಪಾಡು.

ಕೆಲವು ವರ್ಷಗಳ ನಂತರ ಆಯಿಗೆ ಹೊನ್ನಾವರಕ್ಕೆ ವರ್ಗವಾಯಿತು. ಹೊರಡುವ ದಿನ ಕೇರಿಯ ಹೆಂಗಸರೆಲ್ಲ ಅಂಗಳಕ್ಕೆ ಬಂದರು. ಆಯಿಯ ಕಾಲು ಮುಟ್ಟಿದರು, ಹೂ ಕೊಟ್ಟರು, ಅಕ್ಕೋರು ನಮ್ಮನ್ನು ಮರೆಯಬಾರದು ಎಂದರು. ಆಮೇಲೆ ಅಪ್ಪನ ಮುಂದೆ ನಿಂತು ಗೊಳೋ ಎಂದು ಅತ್ತರು. ದೊಡ್ಡಾಯಿ ಅವನಿಗೆ ಒಂದು ಮಡಕೆ ಉಪ್ಪುಮೀನು ಕೊಟ್ಟು, ಇದನ್ನು ಹೆಂಡತಿಯ ಕೈಗೆ ಕೊಡಬೇಡ, ಅವಳಿಗೆ ತಿಳಿಯುವುದಿಲ್ಲ ಎಂದಳು. ಬಸ್ಸಿನಲ್ಲಿ ಆಯಿ ಮಡಿಲಲ್ಲಿದ್ದ ಹೂಗಳನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು.

"ಆ ಮಕ್ಕಳಿಗೆ ಅಕ್ಷರ ಕಲ್ಸಿದವಳು ನಾನು. ಅತ್ತದ್ದೆಲ್ಲ ನಿಮ್ಮ ಎದ್ರಿಗೆ" ಎಂದಳು ಕಡೆಗೆ.

"ಅಕ್ಷರ ಅವರ ಸಂಗ್ತಿಗೇ ಇರ್ತದೆ ಮಾರಾಯ್ತಿ. ನಾ ಇರ್ತ್ನ?" ಎಂದ ಅಪ್ಪ. ಆಯಿಗೆ ಸಿಟ್ಟು ಮುಂದುವರಿಸುವುದು ಕಷ್ಟವಾಯಿತು.

ಹೊನ್ನಾವರದ ಹೊಸ ಮನೆಯಲ್ಲಿ ಮೊದಲ ವಾರವೇ ಪಕ್ಕದ ಮನೆಯ ಹೆಂಗಸು ಪರಿಚಯ ಮಾಡಿಕೊಳ್ಳಲು ಬಂದರು. ಅಂಗಳದಲ್ಲೇ ನಿಂತು, ಮನೆಯ ಬಾಯೋರು ಇದ್ದಾರಾ ಎಂದು ಕೇಳಿದರು. ಅಪ್ಪ ಹೆಗಲ ವಸ್ತ್ರಕ್ಕೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

"ಶಾಲೆಗೆ ಹೋಗಿದ್ದಾಳೆ. ಬನ್ನಿ, ಕೂತ್ಕಳಿ. ಚಾ ಇಡ್ತೆ."

ಆಕೆ ಹೋಗಲೋ ಬೇಡವೋ ಎಂದು ಹಿಂದೆ ಮುಂದೆ ನೋಡಿ, ಜಗಲಿಯ ತೀರ ಅಂಚಿನಲ್ಲಿ ಕೂತರು. ಚಹ ಬಂತು. ಒಂದು ಗುಟುಕು ಕುಡಿದು ಲೋಟದೊಳಗೆ ನೋಡಿದರು. ಶುಂಠಿಯ ಜೊತೆಗೆ ಇನ್ನೆಂತ ಹಾಕಿದ್ದೀರಿ ಎಂದು ಕೇಳಿದರು. ಅಪ್ಪ ಜಗಲಿಯ ಇನ್ನೊಂದು ತುದಿಯಲ್ಲಿ ಕೂತು, ನಿಧಾನವಾಗಿ, ಮೊದಲಿನಿಂದ ಹೇಳತೊಡಗಿದ.